ಮನೆಯ ತೆರೆಯ ಮೇಲಣ ಮೂಲಪಾಠ: ವಿಡಿಯೊ ಮಾಧ್ಯಮಗಳ ಬಿಂಬಗುಣವನ್ನು ಕುರಿತು ಚಿತ್ರರಸಿಕರ ನಿಲುವು (1975–2024)

1. ಪೀಠಿಕೆ

ಚಲನಚಿತ್ರದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಅದರ ನಿರ್ಮಾಣವನ್ನೂ ಚಿತ್ರಮಂದಿರದ ಪ್ರದರ್ಶನವನ್ನೂ ಕುರಿತು ಬರೆದಿದ್ದಾರೆ. ಮಂದಿರವನ್ನು ಬಿಟ್ಟು ಮನೆಗೆ ಬಂದ ಚಿತ್ರವು ಅಲ್ಲಿ ಯಾವ ರೂಪವನ್ನು ತಾಳಿತು, ಅದನ್ನು ಬರಮಾಡಿಕೊಂಡ ರಸಿಕರು ಆ ರೂಪದಲ್ಲಿ ಯಾವ ಗುಣವನ್ನು ಅರಸಿದರು ಎಂಬ ವಿಚಾರ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. 1975ರಿಂದ ಈಚೆಗೆ ಟೇಪು, ಲೇಸರ್ ಡಿಸ್ಕು, ವಿ.ಸಿ.ಡಿ., ಡಿ.ವಿ.ಡಿ., ಬ್ಲೂ-ರೇ ಎಂದು ಒಂದರ ಬೆನ್ನಿಗೆ ಒಂದಾಗಿ ಬಂದ ಮಾಧ್ಯಮಗಳಿಗೆ ಈಗಾಗಲೇ ಅರ್ಧ ಶತಮಾನದ ಚರಿತ್ರೆಯಿದೆ. ಅವುಗಳಲ್ಲಿ ಕೆಲವು ಹುಟ್ಟಿ, ಬೆಳೆದು, ಅಳಿದೂ ಹೋಗಿವೆ. ಆದುದರಿಂದ ಅವನ್ನು ಚರಿತ್ರೆಯ ವಸ್ತುವಾಗಿ ಪರಿಶೀಲಿಸುವ ಕಾಲ ಬಂದಿದೆಯೆನ್ನಬಹುದು.

ಈ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ಏಣಿಯಂತೆ ವರ್ಣಿಸುವುದುಂಟು. ಕೆಳಗಿನ ಮೆಟ್ಟಿಲಿನಲ್ಲಿ ಮಸುಕಾದ ಟೇಪು, ಮೇಲಿನ ಮೆಟ್ಟಿಲಿನಲ್ಲಿ ನಿಚ್ಚಳವಾದ ಡಿಸ್ಕು. ರಸಿಕರು ಸ್ಫುಟತೆಯ ಆಸೆಯಿಂದ ಒಂದೊಂದೇ ಮೆಟ್ಟಿಲನ್ನು ಏರುತ್ತ ಬಂದರು ಎಂದು ಅದರ ತಾತ್ಪರ್ಯ. ಈ ನಿರೂಪಣೆ ಸುಲಭವಾದುದು. ಆದರೆ ದೊರೆಯುವ ಆಧಾರಗಳು ಇದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ರಸಿಕರು ಕೆಲವೊಮ್ಮೆ ಹೆಚ್ಚು ಸ್ಫುಟವಾದುದನ್ನು ಬಿಟ್ಟು ಕಡಿಮೆ ಸ್ಫುಟವಾದುದನ್ನು ಆರಿಸಿಕೊಂಡಿದ್ದಾರೆ. ಕೆಲವೊಮ್ಮೆ ಕಣ್ಣಿಗೆ ನಯವಾಗಿ ಕಂಡ ಬಿಂಬವನ್ನೇ ಕಟುವಾಗಿ ನಿರಾಕರಿಸಿದ್ದಾರೆ. ಅವರು ಕೇಳುತ್ತಿದ್ದ ಪ್ರಶ್ನೆ ‘ಇದು ಎಷ್ಟು ನಿಚ್ಚಳವಾಗಿದೆ’ ಎಂಬುದಕ್ಕಿಂತ ‘ಇದು ಮೂಲದಂತಿದೆಯೆ’ ಎಂಬುದು. ಆ ಪ್ರಶ್ನೆಯ ಬೆನ್ನಿಗೇ ‘ಮೂಲವೆಂದರೆ ಯಾವುದು’ ಎಂಬ ಇನ್ನೊಂದು ಪ್ರಶ್ನೆ ಎದ್ದಿತು. ಪ್ರಾಚೀನ ಗ್ರಂಥಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಈ ಎರಡೂ ಪ್ರಶ್ನೆಗಳು ಚಿರಪರಿಚಿತವಾದುವು. ಚಿತ್ರರಸಿಕರ ಅಳತೆಗೋಲು ಕಾಲಕಾಲಕ್ಕೆ ಹೇಗೆ ಬದಲಾಯಿತು, ಆ ಬದಲಾವಣೆಯಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ‘ಚಿತ್ರರಸಿಕ’ ಎಂಬ ಮಾತನ್ನು ಚಿತ್ರಗಳನ್ನು ಕೊಂಡು ಕೂಡಿಡುವ, ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ ನೋಡುವ, ತಮ್ಮ ಅಭಿಪ್ರಾಯವನ್ನು ಬರೆದು ಪ್ರಕಟಿಸುವ ವರ್ಗಕ್ಕೆ ಅನ್ವಯಿಸಿದೆ. ಈ ಮಾಧ್ಯಮಗಳ ಮಾರಾಟವೂ ಅವನ್ನು ಕುರಿತ ವಾದವೂ ಹೆಚ್ಚಾಗಿ ನಡೆದುದು ಅಮೆರಿಕದಲ್ಲಿಯಾದುದರಿಂದ ನಮ್ಮ ಉದಾಹರಣೆಗಳು ಬಹುಪಾಲು ಅಲ್ಲಿಯವೇ ಆಗಿವೆ. ನಮ್ಮ ನಾಡಿನ ಸ್ಥಿತಿಯನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ನೋಡಲಾಗುವುದು.

2. ಟೇಪಿನ ಕಾಲ: ದೊರೆಯುವುದೇ ದೊಡ್ಡದು

ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್ ಯಂತ್ರ 1975ರಲ್ಲಿಯೂ ಜೆ.ವಿ.ಸಿ. ಸಂಸ್ಥೆಯ ವಿ.ಎಚ್.ಎಸ್. ಯಂತ್ರ 1976ರಲ್ಲಿಯೂ ಜಪಾನಿನಲ್ಲಿ ಮಾರುಕಟ್ಟೆಗೆ ಬಂದುವು. ಅದಕ್ಕೆ ಹಿಂದೆ ಸಾಮಾನ್ಯ ರಸಿಕನಿಗೆ ಹಳೆಯ ಚಿತ್ರವನ್ನು ಮತ್ತೆ ನೋಡಬೇಕಾದರೆ ಪುನಃಪ್ರದರ್ಶನಕ್ಕೋ ಟೆಲಿವಿಷನ್ ಪ್ರಸಾರಕ್ಕೋ ಕಾಯದೆ ಗತಿಯಿರಲಿಲ್ಲ. 16 ಮಿ.ಮೀ. ಪ್ರತಿಗಳನ್ನು ಕೊಂಡಿಟ್ಟುಕೊಳ್ಳುವ ಶಕ್ತಿಯುಳ್ಳವರು ವಿರಳ. ಹೀಗಿರಲಾಗಿ, ರಾತ್ರಿ ಪ್ರಸಾರವಾದ ಚಿತ್ರವನ್ನು ಮನೆಯಲ್ಲಿಯೇ ಮುದ್ರಿಸಿಕೊಂಡು ಬೇಕೆಂದಾಗ ನೋಡಬಹುದೆಂಬುದೇ ಒಂದು ಅದ್ಭುತವಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ.

ವಿ.ಎಚ್.ಎಸ್. ಟೇಪು ತೆರೆಯ ಅಗಲದಲ್ಲಿ ಸುಮಾರು 240 ಗೆರೆಗಳಷ್ಟು ವಿವರವನ್ನು ಮಾತ್ರ ಬೇರ್ಪಡಿಸಿ ತೋರಿಸಬಲ್ಲುದಾಗಿತ್ತು. ಇದು ಟೆಲಿವಿಷನ್ ಪ್ರಸಾರಕ್ಕಿಂತಲೂ ಕಡಿಮೆ. ಒಂದು ಟೇಪಿನಿಂದ ಇನ್ನೊಂದಕ್ಕೆ ನಕಲು ಮಾಡಿದಾಗ ಬಿಂಬ ಮತ್ತಷ್ಟು ಕಳೆಗುಂದುತ್ತಿತ್ತು. ಪ್ರತಿಯ ಪ್ರತಿಯಲ್ಲಿ ಬಣ್ಣ ಹರಡಿ ಮುಖದ ಗೆರೆಗಳು ಅಳಿಸಿಹೋಗುತ್ತಿದ್ದುವು. ಆದರೂ ಅಂಚೆಯ ಮೂಲಕ ಟೇಪುಗಳ ವಿನಿಮಯ ಭರದಿಂದ ನಡೆಯಿತು. 1976ರಲ್ಲಿ ಫ್ಲಾರಿಡಾದ ಟ್ಯಾಲಹಾಸಿಯಿಂದ ಹೊರಟ ‘ದಿ ವಿಡಿಯೊಫೈಲ್ಸ್ ನ್ಯೂಸ್‌ಲೆಟರ್’ ಎಂಬ ಪತ್ರಿಕೆ ಇಂಥ ರಸಿಕರನ್ನು ಒಂದುಗೂಡಿಸಿತು. ಒಂದೂರಿನಲ್ಲಿ ಪ್ರಸಾರವಾಗದ ಚಿತ್ರವನ್ನು ಬೇರೆಯೂರಿನವನಿಂದ ಪಡೆಯುವುದು, ಜಾಹೀರಾತುಗಳು ಬಂದಾಗ ಯಂತ್ರವನ್ನು ತಡೆಹಿಡಿದು ಚಿತ್ರವನ್ನಷ್ಟೇ ಮುದ್ರಿಸುವುದು ಮುಂತಾದ ಪದ್ಧತಿಗಳು ಅವರಲ್ಲಿ ರೂಢಿಗೆ ಬಂದುವು.

ಈ ಕಾಲದಲ್ಲಿ ಬಿಂಬದ ಗುಣವನ್ನು ಕುರಿತು ಕಾಳಜಿಯೇ ಇರಲಿಲ್ಲವೆಂದು ಹೇಳಲಾಗದು. ಬೀಟಾಮ್ಯಾಕ್ಸಿನ ಬಿಂಬ ವಿ.ಎಚ್.ಎಸ್.ಗಿಂತ ಮೇಲು ಎಂಬ ವಾದ ಆಗಲೇ ಹುಟ್ಟಿತು; ಅದು ಇಂದಿಗೂ ಕೇಳಿಬರುತ್ತದೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಮೊದಲ ಬೀಟಾ ಕ್ಯಾಸೆಟ್ಟಿನಲ್ಲಿ ಹಿಡಿಸುತ್ತಿದ್ದುದು ಒಂದು ಗಂಟೆಯ ಮುದ್ರಣ, ವಿ.ಎಚ್.ಎಸ್.ನಲ್ಲಿ ಎರಡು ಗಂಟೆ. ಒಂದು ಇಡೀ ಚಿತ್ರವನ್ನು ಹಿಡಿಸಬೇಕೆಂದು ಟೇಪಿನ ವೇಗವನ್ನು ಅರ್ಧಕ್ಕೆ ಇಳಿಸಿದಾಗ ಬೀಟಾದ ಮೇಲ್ಮೆಯೂ ಬಹುಮಟ್ಟಿಗೆ ಇಳಿಯಿತು. ಸ್ಫುಟತೆಗೂ ಅವಧಿಗೂ ಸ್ಪರ್ಧೆ ಬಂದಾಗ ಮಾರುಕಟ್ಟೆ ಅವಧಿಯನ್ನೇ ಆರಿಸಿತು. 1988ರಲ್ಲಿ ಸೋನಿಯೇ ವಿ.ಎಚ್.ಎಸ್. ಯಂತ್ರಗಳನ್ನು ತಯಾರಿಸತೊಡಗಿತು. ಈ ಕಾಲದ ರಸಿಕರ ಅಳತೆಗೋಲನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಅದು ‘ದೊರೆಯುವಿಕೆ’. ಓಲೆಗರಿಯ ಕಟ್ಟೊಂದು ಕೈಸೇರಿದಾಗ ಸಂಪಾದಕನು ಮೊದಲು ಹಿಗ್ಗುವುದು ಪ್ರತಿ ಸಿಕ್ಕಿತೆಂಬುದಕ್ಕೆ. ಅದರ ತಪ್ಪುಗಳನ್ನು ಎಣಿಸತೊಡಗುವುದು ಆಮೇಲೆ.

3. ಲೇಸರ್ ಡಿಸ್ಕು: ಪೂರ್ಣತೆಯ ಬೇಡಿಕೆ

1978ರ ಡಿಸೆಂಬರಿನಲ್ಲಿ ಅಟ್ಲಾಂಟಾ ನಗರದಲ್ಲಿ ಲೇಸರ್ ಕಿರಣದಿಂದ ಓದುವ ವಿಡಿಯೊ ಡಿಸ್ಕು ಮಾರಾಟಕ್ಕೆ ಬಂದಿತು. ಹನ್ನೆರಡು ಅಂಗುಲದ ಈ ಹೊಳೆಯುವ ತಟ್ಟೆ ಮೊದಲು ಡಿಸ್ಕೊವಿಷನ್ ಎಂಬ ಹೆಸರಿನಿಂದ ಬಂದು, ಮುಂದೆ ಲೇಸರ್ ಡಿಸ್ಕು ಎಂದು ಪ್ರಸಿದ್ಧವಾಯಿತು. ಇದರಲ್ಲಿ ಸುಮಾರು 425 ಗೆರೆಗಳ ವಿವರವಿತ್ತು. ಮುದ್ರಿಸಿಕೊಳ್ಳುವ ಸೌಲಭ್ಯವಿಲ್ಲದಿದ್ದುದರಿಂದಲೂ ಬೆಲೆ ಹೆಚ್ಚಾಗಿದ್ದುದರಿಂದಲೂ ಸಾಮಾನ್ಯ ಕುಟುಂಬಗಳು ಇದನ್ನು ಸ್ವೀಕರಿಸಲಿಲ್ಲ. ಇದನ್ನು ಕೊಂಡವರು ಬಹುಮಟ್ಟಿಗೆ ರಸಿಕರೇ. ಆದುದರಿಂದ ಅವರ ಅಭಿರುಚಿ ಈ ಮಾಧ್ಯಮದ ಮೇಲೆ ತನ್ನ ಮುದ್ರೆಯನ್ನು ಸ್ಪಷ್ಟವಾಗಿ ಒತ್ತಿತು.

ಆ ಮುದ್ರೆಯ ಮುಖ್ಯ ಲಕ್ಷಣ ಚೌಕಟ್ಟಿನ ಪೂರ್ಣತೆ. 1953ರಲ್ಲಿ ‘ದಿ ರೋಬ್’ ಚಿತ್ರದೊಡನೆ ಸಿನಿಮಾಸ್ಕೋಪ್ ಬಂದ ಮೇಲೆ ಅಗಲವಾದ ತೆರೆ ರೂಢಿಯಾಯಿತಷ್ಟೆ. ಟೆಲಿವಿಷನ್ನಿನ ತೆರೆಯಾದರೋ ಎತ್ತರ ಮೂರಕ್ಕೆ ಅಗಲ ನಾಲ್ಕು ಎಂಬ ಪ್ರಮಾಣದಲ್ಲಿಯೇ ಉಳಿದಿತ್ತು. ಎತ್ತರದ 2.35ರಷ್ಟು ಅಗಲವುಳ್ಳ ಚಿತ್ರವನ್ನು ಎತ್ತರದ 1.33ರಷ್ಟೇ ಅಗಲವುಳ್ಳ ತೆರೆಯ ತುಂಬ ತೋರಿಸಬೇಕಾದರೆ ಶೇಕಡ 43 ಭಾಗವನ್ನು ಕತ್ತರಿಸಿ ಎಸೆಯಬೇಕು. ಉಳಿದ ಭಾಗವನ್ನು ಆಯುವವನು ವಿಡಿಯೊ ಪ್ರಯೋಗಶಾಲೆಯ ಕುಶಲಕರ್ಮಿ. ಅವನು ಚೌಕಟ್ಟನ್ನು ಅತ್ತಿಂದಿತ್ತ ಜರುಗಿಸುತ್ತಿದ್ದುದರಿಂದ ಈ ಕ್ರಮಕ್ಕೆ ಪ್ಯಾನ್ ಅಂಡ್ ಸ್ಕ್ಯಾನ್ ಎಂದು ಹೆಸರು. ಇಬ್ಬರು ಪಾತ್ರಗಳ ಸಂಭಾಷಣೆಯಲ್ಲಿ ಒಬ್ಬನ ಮೂಗು ಮಾತ್ರ ಕಾಣಿಸುವ ಪ್ರಸಂಗ ಅಪರೂಪವಾಗಿರಲಿಲ್ಲ.

ಇದಕ್ಕೆ ಪರಿಹಾರ, ಚಿತ್ರದ ಅಗಲವನ್ನೆಲ್ಲ ಉಳಿಸಿ ಮೇಲೂ ಕೆಳಗೂ ಕಪ್ಪು ಪಟ್ಟಿಗಳನ್ನು ಬಿಡುವುದು. ಲೆಟರ್‌ಬಾಕ್ಸ್ ಎಂದು ಕರೆಯಲಾಗುವ ಈ ಕ್ರಮದಲ್ಲಿ ಫೆಲಿನಿಯ ‘ಅಮರ್ಕಾರ್ಡ್’ 1984ರಲ್ಲಿ ಆರ್.ಸಿ.ಎ. ಸಂಸ್ಥೆಯ ಡಿಸ್ಕಿನಲ್ಲಿ ಬಂದಿತು. ಅದೇ ವರ್ಷ ‘ಸಿಟಿಜನ್ ಕೇನ್’ ಮತ್ತು ‘ಕಿಂಗ್ ಕಾಂಗ್’ ಚಿತ್ರಗಳ ಲೇಸರ್ ಡಿಸ್ಕುಗಳೊಡನೆ ಆರಂಭವಾದ ಕ್ರೈಟೀರಿಯನ್ ಮಾಲೆ ಈ ಕ್ರಮವನ್ನು ಮುಂದೆ ತನ್ನ ನಿಯಮವಾಗಿಯೇ ಮಾಡಿಕೊಂಡಿತು. ವುಡಿ ಆಲೆನ್ನನ ‘ಮ್ಯಾನ್‌ಹಾಟನ್’ (1979) ನಿರ್ದೇಶಕನ ಪಟ್ಟಿನಿಂದಾಗಿ ಟೇಪಿನಲ್ಲಿಯೂ ಪೂರ್ಣ ಅಗಲದಲ್ಲಿಯೇ ಹೊರಬಂದಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಅಮೆರಿಕದ ಟೆಲಿವಿಷನ್ ಪದ್ಧತಿಯಲ್ಲಿ ಬಿಂಬಕ್ಕೆ ದೊರೆಯುವ ಅಡ್ಡಗೆರೆಗಳು ಸುಮಾರು 480. ಲೆಟರ್‌ಬಾಕ್ಸಿನಲ್ಲಿ ಸಿನಿಮಾಸ್ಕೋಪ್ ಚಿತ್ರಕ್ಕೆ ಉಳಿಯುತ್ತಿದ್ದುದು ಅವುಗಳಲ್ಲಿ 272 ಮಾತ್ರ. ಉಳಿದ ಗೆರೆಗಳು ಕಪ್ಪು ಪಟ್ಟಿಯನ್ನು ತೋರಿಸುವುದರಲ್ಲಿಯೇ ವ್ಯರ್ಥವಾಗುತ್ತಿದ್ದುವು. ಮುಖಗಳು ಚಿಕ್ಕವಾದುವು, ವಿವರ ಕಡಿಮೆಯಾಯಿತು. ಸಾಮಾನ್ಯ ಪ್ರೇಕ್ಷಕನಂತೂ ತನ್ನ ತೆರೆಯನ್ನು ಮುಚ್ಚಿದ್ದಾರೆಂದೇ ದೂರುತ್ತಿದ್ದನು. ಆದರೆ ರಸಿಕರು ಕೇಳಿದುದು ಇದನ್ನೇ. ಸ್ಫುಟತೆಯನ್ನು ಬಿಟ್ಟುಕೊಟ್ಟು ಪೂರ್ಣತೆಯನ್ನು ಪಡೆಯುವ ಈ ಆಯ್ಕೆ ಏಣಿಯ ಕಥೆಗೆ ಹೊಂದುವುದಿಲ್ಲ. ಅಳತೆಗೋಲು ತಂತ್ರಜ್ಞಾನದೊಡನೆ ತಾನಾಗಿ ಬದಲಾಗಲಿಲ್ಲ. ರಸಿಕರು ಅದನ್ನು ಬದಲಾಯಿಸಿದರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

4. ಪೂರ್ಣತೆಯ ತೊಡಕು

ಪೂರ್ಣತೆಯೆಂಬುದು ಮೇಲುನೋಟಕ್ಕೆ ಕಾಣುವಷ್ಟು ಸರಳವಾದ ಕಲ್ಪನೆಯಲ್ಲ. 1950ರ ದಶಕದಿಂದ ಈಚಿನ ಹಲವು ಚಿತ್ರಗಳನ್ನು ಫಿಲ್ಮಿನ ಚೌಕಟ್ಟಿನ ಪೂರ್ತಿ ಎತ್ತರದಲ್ಲಿ ಸೆರೆಹಿಡಿದು, ಮಂದಿರದಲ್ಲಿ ಮೇಲೂ ಕೆಳಗೂ ಮರೆಮಾಡಿ ತೋರಿಸುತ್ತಿದ್ದರು. ಇಂಥವನ್ನು ಟೆಲಿವಿಷನ್ನಿಗಾಗಿ ಮರೆ ತೆಗೆದು ತೋರಿಸಿದರೆ ಬಿಂಬ ಹೆಚ್ಚುತ್ತದೆ. ಆದರೆ ಕಾಣಬಾರದುದೂ ಕಾಣುತ್ತದೆ. ‘ಪೀ-ವೀಸ್ ಬಿಗ್ ಅಡ್ವೆಂಚರ್’ (1985) ಚಿತ್ರದ ನಾಯಕ ಸೈಕಲಿನ ಪುಟ್ಟ ಪೆಟ್ಟಿಗೆಯಿಂದ ಮುಗಿಯದಷ್ಟು ಉದ್ದದ ಸರಪಳಿಯನ್ನು ಎಳೆಯುವ ಹಾಸ್ಯಪ್ರಸಂಗವಿದೆ. ಹಳೆಯ ವಿಡಿಯೊ ಪ್ರತಿಯಲ್ಲಿ ಸರಪಳಿ ಪೆಟ್ಟಿಗೆಯ ತಳದಿಂದ ಬರುತ್ತಿರುವುದು ಕಾಣಿಸಿ ಹಾಸ್ಯವೇ ಕೆಟ್ಟಿತು. ಇಲ್ಲಿ ಹೆಚ್ಚು ಬಿಂಬವೆಂದರೆ ಕಡಿಮೆ ಚಿತ್ರ. ಗ್ರಂಥದಲ್ಲಿ ಪ್ರಕ್ಷಿಪ್ತಗಳು ಸೇರಿ ಪುಟಗಳು ಹೆಚ್ಚಿದಂತೆ ಇದು.

ಸ್ಟ್ಯಾನ್ಲಿ ಕುಬ್ರಿಕನ ಚಿತ್ರಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ‘ದಿ ಶೈನಿಂಗ್’ ಮೊದಲಾದ ಚಿತ್ರಗಳು 1999ರ ಡಿ.ವಿ.ಡಿ.ಗಳಲ್ಲಿ ಟೆಲಿವಿಷನ್ನಿನ ತೆರೆ ತುಂಬುವಂತೆ ಬಂದುವು. 2007ರ ಡಿಸ್ಕುಗಳಲ್ಲಿ ಅಗಲ ತೆರೆಯ ಪ್ರಮಾಣದಲ್ಲಿ ಬಂದುವು. ‘ಬ್ಯಾರಿ ಲಿಂಡನ್’ (1975) 2011ರಲ್ಲಿ 1.78ರ ಪ್ರಮಾಣದಲ್ಲಿ ಬ್ಲೂ-ರೇಯಾಗಿ ಹೊರಟಾಗ, ಅದರ ನಿಜವಾದ ಪ್ರಮಾಣ 1.66 ಎಂದು ರಸಿಕರು ವಾದಿಸಿದರು. ಆ ವಾದವನ್ನು ತೀರ್ಮಾನಿಸಿದುದು ಯಾರೊಬ್ಬರ ನೆನಪೂ ಅಲ್ಲ. 1975ರ ಡಿಸೆಂಬರಿನಲ್ಲಿ ಕುಬ್ರಿಕನು ಚಿತ್ರಮಂದಿರಗಳ ಪ್ರೊಜೆಕ್ಷನ್ ಕೆಲಸಗಾರರಿಗೆ ಬರೆದಿದ್ದ ಪತ್ರವೊಂದು ಬೆಳಕಿಗೆ ಬಂದಿತು, ಅದರಲ್ಲಿ 1.66ರ ಪ್ರಮಾಣವನ್ನು ಸ್ಪಷ್ಟವಾಗಿ ವಿಧಿಸಿತ್ತು. 2017ರ ಕ್ರೈಟೀರಿಯನ್ ಮುದ್ರಣ ಆ ಪ್ರಮಾಣವನ್ನೇ ಅನುಸರಿಸಿತು. ದಾಖಲೆಯೊಂದು ರಸಿಕರ ವಿವಾದವನ್ನು ಬಗೆಹರಿಸಿದ ಈ ಪ್ರಸಂಗ ಚರಿತ್ರಕಾರನಿಗೆ ವಿಶೇಷ ಸಂತೋಷವನ್ನುಂಟುಮಾಡತಕ್ಕದ್ದು.

ಡಿ.ವಿ.ಡಿ.ಯ ಕಾಲದಲ್ಲಿ, ಎಂದರೆ 1996ರ ನವೆಂಬರಿನಲ್ಲಿ ಜಪಾನಿನಲ್ಲಿಯೂ 1997ರಲ್ಲಿ ಅಮೆರಿಕದಲ್ಲಿಯೂ ಆ ಡಿಸ್ಕು ಹೊರಟ ಮೇಲೆ, ಪೂರ್ಣತೆಗೂ ಸ್ಫುಟತೆಗೂ ಇದ್ದ ವೈರ ತಕ್ಕಮಟ್ಟಿಗೆ ಶಮನಗೊಂಡಿತು. ಅಗಲವಾದ ಬಿಂಬವನ್ನು ಪಕ್ಕಗಳಿಂದ ಒತ್ತಿ ಮುದ್ರಿಸಿ, ತೋರಿಸುವಾಗ ಹಿಗ್ಗಿಸುವ ಅನಮಾರ್ಫಿಕ್ ಕ್ರಮದಿಂದ ಸಿನಿಮಾಸ್ಕೋಪ್ ಚಿತ್ರಕ್ಕೆ 272ರ ಬದಲು ಸುಮಾರು 363 ಗೆರೆಗಳು ದೊರೆತುವು. ರಸಿಕರು ಈ ಕ್ರಮವಿಲ್ಲದ ಡಿಸ್ಕುಗಳನ್ನು ಗುರುತಿಸಿ ಖಂಡಿಸಿದರು. ಆದರೂ ಅನೇಕ ವರ್ಷ ಅಂಗಡಿಗಳಲ್ಲಿ ಒಂದೇ ಚಿತ್ರ ಎರಡು ಬಗೆಯ ಡಿಸ್ಕುಗಳಲ್ಲಿ ಮಾರಾಟವಾಗುತ್ತಿತ್ತು. ಪಕ್ಕಗಳನ್ನು ಕತ್ತರಿಸಿದುದಕ್ಕೆ ‘ಫುಲ್ ಸ್ಕ್ರೀನ್’ ಎಂಬ ಹೆಸರಿಟ್ಟಿದ್ದುದು ವ್ಯಾಪಾರದ ಜಾಣತನಕ್ಕೆ ಒಳ್ಳೆಯ ಮಾದರಿ.

5. ಕಣವನ್ನು ಕುರಿತ ವಿವಾದ

2006ರಲ್ಲಿ ಎಚ್.ಡಿ. ಡಿ.ವಿ.ಡಿ., ಬ್ಲೂ-ರೇ ಎಂಬ ಎರಡು ಡಿಸ್ಕುಗಳು ಪ್ರತಿಸ್ಪರ್ಧಿಗಳಾಗಿ ಬಂದುವು. 2008ರ ಫೆಬ್ರವರಿಯಲ್ಲಿ ತೋಷಿಬಾ ಸಂಸ್ಥೆ ಮೊದಲನೆಯದನ್ನು ಕೈಬಿಟ್ಟಿತು. ಗೆದ್ದ ಬ್ಲೂ-ರೇಯಲ್ಲಿ ಅಗಲಕ್ಕೆ 1920, ಎತ್ತರಕ್ಕೆ 1080 ಬಿಂದುಗಳು. ಈಗ ಮನೆಯ ತೆರೆಯ ಮೇಲೆ ಮೊದಲಬಾರಿಗೆ ಫಿಲ್ಮಿನ ಕಣಗಳು ಚೆನ್ನಾಗಿ ಕಾಣತೊಡಗಿದುವು. ಬೆಳ್ಳಿಯ ಲವಣಗಳು ಬೆಳಕಿಗೆ ಸ್ಪಂದಿಸಿ ಉಂಟಾಗುವ ಈ ಕಣಗಳೇ ಫಿಲ್ಮಿನ ಬಿಂಬದ ಶರೀರ. ಅವನ್ನು ಬಿಟ್ಟು ಬಿಂಬವಿಲ್ಲ. ಆದರೆ ಹೊಸ ಚಪ್ಪಟೆ ತೆರೆಯನ್ನು ಕೊಂಡು ತಂದ ಗೃಹಸ್ಥನಿಗೆ ಅದು ದೋಷವಾಗಿ, ಧೂಳಿನಂತೆ ಕಂಡಿತು. ಪ್ರಕಾಶಕರು ಗಣಕಯಂತ್ರದ ಸಹಾಯದಿಂದ ಕಣಗಳನ್ನು ಒರಸಿ ಬಿಂಬವನ್ನು ನಯಗೊಳಿಸತೊಡಗಿದರು. ಕಣ ಹೋದಾಗ ಅದರೊಡನೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆ, ಗೋಡೆಯ ಒರಟು ಎಲ್ಲವೂ ಹೋಗುತ್ತವೆ. 2008ರ ‘ಪ್ಯಾಟನ್’ ಡಿಸ್ಕಿನ ಮೇಲೂ 2010ರ ‘ಪ್ರೆಡೇಟರ್’ ಡಿಸ್ಕಿನ ಮೇಲೂ ರಸಿಕರು ಹೊರಿಸಿದ ಆರೋಪವಿದು. ನಟರ ಮುಖ ಮೇಣದಲ್ಲಿ ಎರಕ ಹೊಯ್ದಂತಿದೆಯೆಂಬುದು ಅವರ ದೂರು. 2010ರ ‘ಸ್ಪಾರ್ಟಕಸ್’ ಡಿಸ್ಕೂ ಇಂಥ ಟೀಕೆಗೆ ಗುರಿಯಾಯಿತು.

ಈ ಪ್ರತಿಭಟನೆಗಳು ನಿಷ್ಫಲವಾಗಲಿಲ್ಲವೆಂಬುದು ಗಮನಾರ್ಹ. ‘ಪ್ಯಾಟನ್’ 2012ರಲ್ಲಿ ಹೊಸದಾಗಿ ಮುದ್ರಣಗೊಂಡಿತು. ‘ಸ್ಪಾರ್ಟಕಸ್’ ಚಿತ್ರವನ್ನು 1991ರಲ್ಲಿ ಜೀರ್ಣೋದ್ಧಾರ ಮಾಡಿದ್ದ ರಾಬರ್ಟ್ ಹ್ಯಾರಿಸ್ ಅವರು ಪಾಲ್ಗೊಂಡ ಹೊಸ ಆವೃತ್ತಿ 2015ರಲ್ಲಿ ಬಂದಿತು.

ಗ್ರಂಥಸಂಪಾದನೆಯಲ್ಲಿ ಪ್ರಸಿದ್ಧವಾದ ನಿಯಮವೊಂದುಂಟು. ಎರಡು ಪಾಠಗಳಲ್ಲಿ ಒಂದು ಸುಗಮವಾಗಿಯೂ ಇನ್ನೊಂದು ಕ್ಲಿಷ್ಟವಾಗಿಯೂ ಇದ್ದರೆ ಕ್ಲಿಷ್ಟಪಾಠವೇ ಮೂಲಕ್ಕೆ ಸಮೀಪವಾಗಿರುವ ಸಂಭವ ಹೆಚ್ಚು. ಏಕೆಂದರೆ ಲಿಪಿಕಾರನು ಕಷ್ಟವಾದುದನ್ನು ತಿದ್ದಿ ಸುಲಭ ಮಾಡುತ್ತಾನೆಯೇ ಹೊರತು ಸುಲಭವಾದುದನ್ನು ಕಷ್ಟ ಮಾಡುವುದಿಲ್ಲ. ಕಣವನ್ನು ಉಳಿಸಬೇಕೆಂದು ಹೋರಾಡಿದ ರಸಿಕರು ಈ ನಿಯಮದ ಹೆಸರನ್ನು ಕೇಳಿರಲಿಕ್ಕಿಲ್ಲ. ಆದರೆ ಅವರ ವಾದದ ತಿರುಳು ಇದೇ. ಕಣ್ಣಿಗೆ ಒರಟಾಗಿ ಕಂಡುದು ಮೂಲದ ಗುರುತು. ನಯವಾಗಿ ಕಂಡುದು ತಿದ್ದುಪಡಿಯ ಗುರುತು. ಇಲ್ಲಿಗೆ ರಸಿಕರ ಅಳತೆಗೋಲು ದೊರೆಯುವಿಕೆಯಿಂದ ಪೂರ್ಣತೆಗೂ ಪೂರ್ಣತೆಯಿಂದ ನಿಷ್ಠೆಗೂ ಬಂದು ನಿಂತಿತೆನ್ನಬಹುದು.

6. ಮೂಲವು ಯಾರ ಅಧೀನ?

ನಿಷ್ಠೆ ಯಾರಿಗೆ, ಯಾವುದಕ್ಕೆ? ಕರ್ತೃವಿನ ಇಚ್ಛೆಗೆ ಎಂಬುದು ರಸಿಕರ ಮೊದಲ ಉತ್ತರವಾಗಿತ್ತು. ಆದರೆ ಕರ್ತೃವೇ ಮೂಲವನ್ನು ಬದಲಾಯಿಸಿದರೆ? ‘ಅಪೋಕ್ಯಾಲಿಪ್ಸ್ ನೌ’ (1979) ಚಿತ್ರದ ಛಾಯಾಗ್ರಾಹಕ ವಿಟ್ಟೋರಿಯೊ ಸ್ಟೊರಾರೊ ಎರಡಕ್ಕೆ ಒಂದರ ಪ್ರಮಾಣವೇ ಶ್ರೇಷ್ಠವೆಂಬ ತಮ್ಮ ಸಿದ್ಧಾಂತಕ್ಕನುಗುಣವಾಗಿ ಅದರ ಡಿ.ವಿ.ಡಿ.ಯ ಬಿಂಬವನ್ನು ಕಿರಿದುಗೊಳಿಸಿದರು. 2010ರ ಬ್ಲೂ-ರೇಯಲ್ಲಿ ಮಾತ್ರ ಅದು 2.35ರ ಮೂಲ ಅಗಲಕ್ಕೆ ಮರಳಿತು. 2009ರಲ್ಲಿ ವಿಲಿಯಂ ಫ್ರೀಡ್ಕಿನ್ ತಮ್ಮ ‘ದಿ ಫ್ರೆಂಚ್ ಕನೆಕ್ಷನ್’ (1971) ಚಿತ್ರಕ್ಕೆ ಹೊಸ ಬಗೆಯ ವರ್ಣವಿನ್ಯಾಸವನ್ನು ಕೊಟ್ಟರು. ಅದೇ ಚಿತ್ರದ ಛಾಯಾಗ್ರಾಹಕ ಓವನ್ ರಾಯ್ಜ್‌ಮನ್ ಅದನ್ನು ಬಹಿರಂಗವಾಗಿ ಖಂಡಿಸಿದರು. 2012ರಲ್ಲಿ ಚಿತ್ರ ಬೇರೆ ವರ್ಣವಿನ್ಯಾಸದೊಡನೆ ಮತ್ತೆ ಪ್ರಕಟವಾಯಿತು. ನಿರ್ದೇಶಕನೂ ಛಾಯಾಗ್ರಾಹಕನೂ ಪರಸ್ಪರ ವಿರುದ್ಧವಾಗಿ ಸಾಕ್ಷ್ಯ ನುಡಿದರೆ ಕರ್ತೃವಿನ ಇಚ್ಛೆಯೆಂಬ ಅಳತೆಗೋಲು ತಾನೇ ಮುರಿಯುತ್ತದೆ.

‘ಸ್ಟಾರ್ ವಾರ್ಸ್’ ಪ್ರಸಂಗ ಇನ್ನೂ ಪ್ರಸಿದ್ಧವಾದುದು. 1977ರ ಈ ಚಿತ್ರವನ್ನು ಜಾರ್ಜ್ ಲೂಕಸ್ 1997ರಲ್ಲಿ ತಿದ್ದಿ ಹೊಸ ದೃಶ್ಯಗಳನ್ನು ಸೇರಿಸಿದರು, ಆಮೇಲೂ ತಿದ್ದಿದರು. 2006ರಲ್ಲಿ ಮೂಲರೂಪ ಡಿ.ವಿ.ಡಿ.ಯ ಅನುಬಂಧವಾಗಿ ಬಂದಿತಾದರೂ ಅದಕ್ಕೆ ಬಳಸಿದುದು 1993ರಲ್ಲಿ ಲೇಸರ್ ಡಿಸ್ಕಿಗಾಗಿ ಸಿದ್ಧಪಡಿಸಿದ್ದ ಹಳೆಯ ವಿಡಿಯೊವನ್ನು. ತೃಪ್ತರಾಗದ ರಸಿಕರು 1977ರ 35 ಮಿ.ಮೀ. ಪ್ರದರ್ಶನ ಪ್ರತಿಗಳನ್ನೇ ಹುಡುಕಿ, ಚೌಕಟ್ಟು ಚೌಕಟ್ಟಾಗಿ ಗಣಕಯಂತ್ರಕ್ಕೆ ಇಳಿಸಿ, ತಾವೇ ಆವೃತ್ತಿಗಳನ್ನು ಸಿದ್ಧಪಡಿಸಿದರು. ಕಾನೂನಿನ ದೃಷ್ಟಿಯಿಂದ ಈ ಕೆಲಸ ಸಮ್ಮತವಲ್ಲ. ಆದರೆ ಅದರ ಹಿಂದಿನ ನಿಲುವು ಚಿಂತನೀಯ. ಜನ ನೋಡಿದ ಚಿತ್ರವೇ ಚರಿತ್ರೆಗೆ ಸೇರಿದ ಚಿತ್ರ, ಅದನ್ನು ಹಿಂದಕ್ಕೆ ಪಡೆಯುವ ಅಧಿಕಾರ ಕರ್ತೃವಿಗೂ ಇಲ್ಲ ಎಂಬುದು ಅವರ ಪ್ರತಿಪಾದನೆ. ನಿಷ್ಠೆಯ ಕೇಂದ್ರ ಇಲ್ಲಿ ಕರ್ತೃವಿನಿಂದ ಕಾಲಕ್ಕೆ, 1977ರ ಪ್ರದರ್ಶನಕ್ಕೆ, ಸರಿದಿದೆ.

2024ರಲ್ಲಿ ‘ಏಲಿಯೆನ್ಸ್’, ‘ದಿ ಅಬಿಸ್’, ‘ಟ್ರೂ ಲೈಸ್’ ಎಂಬ ಮೂರು ಚಿತ್ರಗಳು 3840ಕ್ಕೆ 2160 ಬಿಂದುಗಳ ಡಿಸ್ಕಿನಲ್ಲಿ ಪ್ರಕಟವಾದಾಗ ಈ ವಾದ ಮತ್ತೊಂದು ತಿರುವನ್ನು ಪಡೆಯಿತು. ಕೃತಕ ಬುದ್ಧಿಯ ಯಂತ್ರವಿಧಾನಗಳಿಂದ ಬಿಂಬವನ್ನು ಹರಿತಗೊಳಿಸಿದ್ದ ಈ ಡಿಸ್ಕುಗಳಿಗೆ ನಿರ್ದೇಶಕ ಜೇಮ್ಸ್ ಕ್ಯಾಮೆರಾನರ ಒಪ್ಪಿಗೆಯಿತ್ತು. ಆದರೂ ರಸಿಕರಲ್ಲಿ ಭಿನ್ನಾಭಿಪ್ರಾಯ ತಲೆದೋರಿತು. ಕಣವನ್ನು ಒರಸಿದವನು ಇದ್ದುದನ್ನು ಕಳೆದನು. ಈ ಯಂತ್ರ ಇಲ್ಲದುದನ್ನು ಊಹಿಸಿ ಸೇರಿಸುತ್ತದೆ. ಲುಪ್ತವಾದ ಅಕ್ಷರವನ್ನು ಊಹಿಸಿದ ಸಂಪಾದಕನು ಅದನ್ನು ಕಂಸದಲ್ಲಿಟ್ಟು ಸೂಚಿಸುವುದು ಶಿಷ್ಟಾಚಾರ. ಬಿಂಬದಲ್ಲಿ ಅಂಥ ಕಂಸವಿಲ್ಲ. ನೋಡುವವನಿಗೆ ಮೂಲ ಯಾವುದು, ಊಹೆ ಯಾವುದು ಎಂಬ ಭೇದ ತಿಳಿಯುವಂತಿಲ್ಲ. ಇದುವರೆಗಿನ ವಿವಾದಗಳೆಲ್ಲಕ್ಕಿಂತ ಇದು ಗಂಭೀರವಾದುದೆಂದು ನಮಗೆ ತೋರುತ್ತದೆ.

7. ನಮ್ಮ ನಾಡಿನ ಸ್ಥಿತಿ

ಭಾರತದಲ್ಲಿ ವಿಡಿಯೊ ಯಂತ್ರಗಳು ಹರಡಿದುದು, ದೂರದರ್ಶನ ವರ್ಣಪ್ರಸಾರವನ್ನು ಆರಂಭಿಸಿದ 1982ರ ಆಸುಪಾಸಿನಲ್ಲಿ. ಇಲ್ಲಿಯ ಟೆಲಿವಿಷನ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು, ಫಿಲ್ಮಿನಲ್ಲಿಯಾದರೋ 24. ಫಿಲ್ಮನ್ನು 25ರ ವೇಗದಲ್ಲಿ ಓಡಿಸಿ ಟೇಪಿಗೆ ಇಳಿಸಿದರೆ 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ. ಚಿತ್ರಗೀತೆಗಳ ಶ್ರುತಿಯೂ ಅಷ್ಟರಮಟ್ಟಿಗೆ ಏರುತ್ತದೆ. ಮುಂದೆ ಬಂದ ವಿ.ಸಿ.ಡಿ.ಯ ಬಿಂಬ 352ಕ್ಕೆ 288 ಬಿಂದುಗಳಷ್ಟೆ. ಒಂದು ಚಿತ್ರಕ್ಕೆ ಎರಡೋ ಮೂರೋ ತಟ್ಟೆಗಳು ಬೇಕಾಗುತ್ತಿದ್ದುವು. 2007ರಲ್ಲಿ ಮೋಸರ್ ಬೇಯರ್ ಸಂಸ್ಥೆ ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರಲು ತೊಡಗಿದಾಗ ಹಳೆಯ ಚಿತ್ರಗಳು ಸಾಮಾನ್ಯರ ಮನೆಗೂ ಬಂದುವು. ಕೆಲವು ಪ್ರಕಾಶಕರು ಬಿಂಬದ ಮೂಲೆಯಲ್ಲಿ ತಮ್ಮ ಲಾಂಛನವನ್ನು ಶಾಶ್ವತವಾಗಿ ಅಚ್ಚೊತ್ತುತ್ತಿದ್ದರು. ಹಸ್ತಪ್ರತಿಯ ಪ್ರತಿಯೊಂದು ಗರಿಯ ಮೇಲೂ ಭಂಡಾರದ ಮೊಹರನ್ನು ಒತ್ತಿದಂತೆ. ಆದರೂ ನೋಡುವವರು ಕೊಂಡರು, ಸಂತೋಷಪಟ್ಟರು. ನಮ್ಮ ರಸಿಕರು ಬಹುಕಾಲ ಮೊದಲನೆಯ ಅಳತೆಗೋಲಿನಲ್ಲಿಯೇ, ಎಂದರೆ ದೊರೆಯುವಿಕೆಯಲ್ಲಿಯೇ, ನಿಂತಿದ್ದರೆ ಅದಕ್ಕೆ ಕಾರಣ ಅಭಿರುಚಿಯ ಕೊರತೆಯಲ್ಲ, ಪ್ರತಿಗಳ ಕೊರತೆ. ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ದ (1934) ಒಂದು ಪ್ರತಿಯೂ ಉಳಿದಿಲ್ಲವೆಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ.

ನಿಷ್ಠೆಯ ಪ್ರಶ್ನೆಯೂ ನಮ್ಮಲ್ಲಿ ಬಂದಿದೆ. ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿಯೂ ‘ಕಸ್ತೂರಿ ನಿವಾಸ’ (1971) 2014ರಲ್ಲಿಯೂ ಕಪ್ಪುಬಿಳುಪಿನಿಂದ ವರ್ಣಕ್ಕೆ ಪರಿವರ್ತಿತವಾಗಿ ಚಿತ್ರಮಂದಿರಗಳಲ್ಲಿ ಮತ್ತೆ ತೆರೆಕಂಡುವು. ಅಮೆರಿಕದಲ್ಲಿ 1980ರ ದಶಕದಲ್ಲಿ ಇಂಥದೇ ಕೆಲಸ ಉಗ್ರ ವಿವಾದಕ್ಕೆ ಎಡೆಗೊಟ್ಟಿತ್ತು. ಹೊಸ ತಲೆಮಾರಿಗೆ ಹಳೆಯ ಚಿತ್ರವನ್ನು ತಲುಪಿಸುವ ಸದುದ್ದೇಶವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ವರ್ಣದ ಆವೃತ್ತಿಯೊಡನೆ ಕಪ್ಪುಬಿಳುಪಿನ ಮೂಲವನ್ನೂ ಅಷ್ಟೇ ಶ್ರದ್ಧೆಯಿಂದ ಕಾಪಾಡುವುದು ಅವಶ್ಯ. ಇನ್ನೊಂದು ಮಾರ್ಗಕ್ಕೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನಿದರ್ಶನ. ಫಿಲ್ಮ್ ಹೆರಿಟೇಜ್ ಫೌಂಡೇಷನ್ನೂ ಅಮೆರಿಕದ ಫಿಲ್ಮ್ ಫೌಂಡೇಷನ್ನಿನ ವಿಶ್ವಚಿತ್ರ ಯೋಜನೆಯೂ ಸೇರಿ ಜೀರ್ಣೋದ್ಧಾರ ಮಾಡಿದ ಇದರ ಕಪ್ಪುಬಿಳುಪಿನ ಆವೃತ್ತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನಗೊಂಡಿತು. ಆ ವೇಳೆಗೆ ನಿರ್ದೇಶಕರು ನಮ್ಮೊಡನಿದ್ದರು, ಛಾಯಾಗ್ರಾಹಕ ಎಸ್. ರಾಮಚಂದ್ರ ಅವರು 2011ರಲ್ಲಿಯೇ ತೀರಿಕೊಂಡಿದ್ದರು. ಬೆಳಕು ಎಷ್ಟಿತ್ತು, ಕಪ್ಪು ಎಷ್ಟು ಕಪ್ಪಾಗಿತ್ತು ಎಂದು ಹೇಳಬಲ್ಲ ಸಾಕ್ಷಿಗಳು ಕಾಲಕ್ರಮದಲ್ಲಿ ಕಡಿಮೆಯಾಗುತ್ತಿದ್ದಾರೆ.

8. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ಮೂರು ಅಂಶಗಳು ತಿಳಿದುಬರುತ್ತವೆ. ಮೊದಲನೆಯದಾಗಿ, ಬಿಂಬದ ಗುಣವೆಂಬುದು ಗೆರೆಗಳ ಎಣಿಕೆಯಿಂದ ಮಾತ್ರ ನಿರ್ಣಯವಾಗುವುದಲ್ಲ; ದೊರೆಯುವಿಕೆ, ಪೂರ್ಣತೆ, ನಿಷ್ಠೆ ಎಂಬ ಬೇರೆ ಬೇರೆ ಅಳತೆಗೋಲುಗಳು ಬೇರೆ ಬೇರೆ ಕಾಲದಲ್ಲಿ ಪ್ರಧಾನವಾಗಿದ್ದುವು. ಎರಡನೆಯದಾಗಿ, ಮಾಧ್ಯಮ ಉತ್ತಮಗೊಂಡಂತೆಲ್ಲ ಮೂಲದ ಸ್ವರೂಪವನ್ನು ಕುರಿತ ಸಂದೇಹ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮೂರನೆಯದಾಗಿ, ಆ ಸಂದೇಹವನ್ನು ಪರಿಹರಿಸಿದುದು ಪತ್ರ, ಪ್ರದರ್ಶನ ಪ್ರತಿ, ನೆಗೆಟಿವು ಮುಂತಾದ ಆಧಾರಗಳು, ಅಧಿಕಾರವಾಣಿಯಲ್ಲ.

ಇದರಿಂದ ಒಂದು ಕರ್ತವ್ಯವೂ ಒದಗುತ್ತದೆ. 2016ರಲ್ಲಿ ಫುನಾಯಿ ಸಂಸ್ಥೆ ವಿ.ಎಚ್.ಎಸ್. ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು. ಟೇಪಿನ ಕಾಂತಲೇಪ ಕಾಲಕ್ರಮದಲ್ಲಿ ಕ್ಷೀಣಿಸುತ್ತದೆ. ಲೇಸರ್ ಡಿಸ್ಕುಗಳ ಅಂಟು ಕೆಟ್ಟು ಒಳಗಿನ ಅಲ್ಯುಮಿನಿಯಂ ಪದರ ಹಾಳಾಗುವುದೂ ಉಂಟು. ಇಂಥ ಹಳೆಯ ಪ್ರತಿಗಳನ್ನು ಬಿಂಬ ಚೆನ್ನಾಗಿಲ್ಲವೆಂದು ಎಸೆಯುವುದು ಸುಲಭ. ಆದರೆ ಫ್ರಿಟ್ಸ್ ಲ್ಯಾಂಗನ ‘ಮೆಟ್ರೊಪೊಲಿಸ್’ (1927) ಚಿತ್ರದ ಕಳೆದುಹೋಗಿದ್ದ ಸುಮಾರು 25 ನಿಮಿಷಗಳು 2008ರಲ್ಲಿ ದೊರೆತುದು ಬ್ವೇನಸ್ ಐರಿಸ್ ನಗರದ ಚಿತ್ರವಸ್ತು ಸಂಗ್ರಹಾಲಯದಲ್ಲಿದ್ದ, ಗೀರುಗಳಿಂದ ತುಂಬಿದ 16 ಮಿ.ಮೀ. ನಕಲಿನಲ್ಲಿ. 2010ರ ಆವೃತ್ತಿಯಲ್ಲಿ ಆ ಗೀರುಗಳು ಹಾಗೆಯೇ ಕಾಣುತ್ತವೆ. ಕಣಕ್ಕಾಗಿ ಕಲಹ ಹೂಡಿದ ರಸಿಕರೇ ಆ ಗೀರುಗಳನ್ನು ಗೌರವದಿಂದ ಬರಮಾಡಿಕೊಂಡರು. ನೆಗೆಟಿವುಗಳು ಬಹುಮಟ್ಟಿಗೆ ನಾಶವಾಗಿರುವ ನಮ್ಮಂಥ ನಾಡಿನಲ್ಲಿ ಮಸುಕಾದ ಟೇಪೋ ಎರಡು ತಟ್ಟೆಯ ವಿ.ಸಿ.ಡಿ.ಯೋ ಮುಂದೊಂದು ದಿನ ಚಿತ್ರವೊಂದರ ಏಕೈಕ ಸಾಕ್ಷಿಯಾಗಬಹುದು. ಉತ್ತಮ ಪ್ರತಿ ದೊರೆತ ಮೇಲೂ ಅಧಮ ಪ್ರತಿಯನ್ನು ಕಾಪಾಡುವುದು ಗ್ರಂಥಭಂಡಾರಗಳ ಹಳೆಯ ನಿಯಮ. ಆ ನಿಯಮವನ್ನು ಮನೆಯ ಕಪಾಟಿನಲ್ಲಿರುವ ಕ್ಯಾಸೆಟ್ಟುಗಳಿಗೂ ವಿಸ್ತರಿಸುವುದು ಅತ್ಯವಶ್ಯ. ವಿಳಂಬವಾದಷ್ಟೂ ಟೇಪಿನ ಮೇಲಣ ಬಿಂಬ ಅಳಿಯುತ್ತಿರುತ್ತದೆ.